ಡಾರ್ಕಸಮ್ಮನ ಹಾಲೊಡಕು

ನನ್ನ ನೆತ್ತಿಯ ಮೇಲೆ ಬಿದ್ದ ಜ್ಞಾನಸ್ನಾನದ ನೀರು ನೀರೇ ಅಲ್ಲ. ಇದನ್ನು ನಾನು ನಾಚಿಕೊಂಡು ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ. ಐರ್ಲೆಂಡಿನ ನಮ್ಮ ಕ್ಯಾವನ್ ಸೀಮೆಯ ಉಳಿದ ಮಕ್ಕಳಿಗೆಲ್ಲ ಬಾವಿಯ ನೀರು ಬಿತ್ತು. ನನಗೂ ನನ್ನ ಬೆನ್ನಿಗೇ ಹುಟ್ಟಿದ ಅವಳಿ ತಮ್ಮನಿಗೂ ಬಿದ್ದದ್ದು ಹಾಲೊಡಕು. ಹಾಲು ಒಡೆದು ಗಟ್ಟಿಯೆಲ್ಲ ಒಂದು ಕಡೆ ಆದ ಮೇಲೆ ಹಂಡೆಯಲ್ಲಿ ಹಸುರು ಹಸುರಾಗಿ ಉಳಿಯುತ್ತದಲ್ಲ, ಹಂದಿಗೆ ಹಾಕುವಂಥದ್ದು, ಅದೇ. ಹಾಕಿದವಳು ಇಂಗ್ಲಿಷ್ ಹೆಂಗಸು, ಡಾರ್ಕಸ್ ಟನಿಕ್ಲಿಫ್. ನಮ್ಮೂರ ಬಾಯಲ್ಲಿ ಡಾರ್ಕಸಮ್ಮ.

ಅವಳು ಚೆಷರ್ ಕಡೆಯವಳು. ಗಂಡ ಗಿಲ್ಬರ್ಟನನ್ನೂ ನಾಲ್ಕು ಕೆಂಪು ಹಸುಗಳನ್ನೂ ಕಟ್ಟಿಕೊಂಡು ಸಮುದ್ರ ದಾಟಿ ದ್ರುಮ್‌ಕಾರಕ್ಕೆ ಬಂದಳು. ಬಂದು ಇಳಿದದ್ದು ಎಲ್ಲಿ? ನಮ್ಮಜ್ಜ ಉತ್ತ ಹೊಲದಲ್ಲಿ. ಇಂಗ್ಲೆಂಡಿನ ಯಾವನೋ ದೊರೆ ನಮ್ಮ ಗುಡ್ಡ ಕೆರೆಗಳನ್ನೆಲ್ಲ ಕಾಗದದ ಮೇಲೆ ಬರೆದು, ಗೀಟು ಎಳೆದು, ಕಡುಬು ಹಂಚಿದ ಹಾಗೆ ಹಂಚಿಬಿಟ್ಟಿದ್ದ. ಅಲ್ಲಿಂದ ಮುಂದೆ ಅಜ್ಜನ ಹೊಲದಲ್ಲೇ ನಮ್ಮಪ್ಪ ಟರ್ಲೊ ಕೂಲಿಗೆ ಉತ್ತ, ನಮ್ಮಮ್ಮ ಮೋರ್ ಡಾರ್ಕಸಮ್ಮನ ಹಸು ಕರೆದಳು. ಇದು ಅನ್ಯಾಯವೇ. ನಾನು ಡಾರ್ಕಸಮ್ಮನನ್ನು ಎಷ್ಟು ಹೊಗಳಿದರೂ ಇದು ಅನ್ಯಾಯವೇ, ಯಾರೂ ನನಗೆ ಬೇರೆ ಹೇಳಬೇಡಿ.

ಆದರೆ ಹೆಂಗಸು ಮಾತ್ರ ಹೆಂಗಸು! ಬಾಗಿಲಷ್ಟು ಅಗಲ. ನಕ್ಕರೆ ಆಚೆ ಗುಡ್ಡದ ನಾಯಿ ಬೊಗಳುತ್ತಿತ್ತು. ನಮ್ಮ ಭಾಷೆಯನ್ನು ಕಲಿತದ್ದು ಕೊಟ್ಟಿಗೆಯಲ್ಲಿ, ಹಾಲು ಕರೆಯುವವರು ಹಸುಗಳ ಜೊತೆ ಆಡುವ ಮಾತು ಕೇಳಿ ಕೇಳಿ. ಹಾಗಾಗಿ ಊರಗೌಡನಿಗೂ ಅವಳು "ಸರಿ ಆಕಡೆ, ಒದೀಬೇಡ, ಜಾಣ ಅಲ್ವಾ ನೀನು" ಎಂದೇ ಮಾತಾಡಿಸುತ್ತಿದ್ದಳು. ಹೊಲ ಕಳಕೊಂಡವರು ಅವಳನ್ನು ದ್ವೇಷಿಸಬೇಕೆಂದು ಮನೆಯಿಂದ ಹೊರಟು, ಅವಳ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕು, ಬಂದ ಕೆಲಸ ಮರೆತು ವಾಪಸಾಗುತ್ತಿದ್ದರು.

ಒಂದೇ ಒಂದು ವಿಷಯದಲ್ಲಿ ಅವಳ ಹತ್ತಿರ ತಮಾಷೆ ನಡೆಯುತ್ತಿರಲಿಲ್ಲ. ಅದು ಹಾಲು. ತನ್ನ ಹಾಲಿಗೆ, ತನ್ನ ಚೀಸಿಗೆ ಒಂದು ಹನಿ ನೀರು ತಾಗಿಲ್ಲ ಎನ್ನುವುದು ಅವಳ ಧರ್ಮ, ದೇವರು ಎಲ್ಲ. ಒಮ್ಮೆ ಸಂತೆಯಲ್ಲಿ ಚಮ್ಮಾರ ಫೆಲಿಮ್ ಒಂದು ಗುಟುಕು ಕುಡಿದು, "ಏನಮ್ಮೋ, ಇವತ್ತು ಕೆರೆ ತುಂಬಿ ಹರಿದಿದೆ ಅನ್ಸತ್ತೆ" ಎಂದ. ಡಾರ್ಕಸಮ್ಮ ಇಡೀ ಕೊಡದ ಹಾಲನ್ನು ಅವನ ತಲೆಯ ಮೇಲೆ ಸುರಿದು, "ಈಗ ನೋಡು, ನೀರಾಗಿದ್ರೆ ಜಾರತ್ತೆ, ಹಾಲಾಗಿದ್ರೆ ಅಂಟತ್ತೆ" ಎಂದು ಹೇಳಿ ಮನೆಗೆ ಬಂದಳಂತೆ. ಫೆಲಿಮನ ಗಡ್ಡ ಎರಡು ದಿನ ಅಂಟಂಟಾಗಿತ್ತು.

ಇನ್ನು ನಾವು ಹುಟ್ಟಿದ ಕಥೆ. ಮಾರ್ಚಿನಲ್ಲಿ, ಹಸುಗಳು ಕರು ಹಾಕಿದ ಹೊಸತರಲ್ಲಿ, ಯಾರೂ ಎಣಿಸದ ಹಿಮ ಬಿತ್ತು. ಅಮ್ಮ ಬೆಳಿಗ್ಗೆ ಹಾಲು ಕರೆಯಲು ಹೋದವಳು ಹಾಲಿನ ಮನೆಯಲ್ಲೇ ನೋವು ತಿಂದು ಕುಸಿದಳು. ದಿನ ತುಂಬಿರಲಿಲ್ಲ. ಸೂಲಗಿತ್ತಿ ಗುಡ್ಡದ ಆಚೆ, ಪಾದ್ರಿ ಕೆರೆಯ ಆಚೆ, ಮಧ್ಯೆ ಸೊಂಟದವರೆಗೆ ಹಿಮ. ಡಾರ್ಕಸಮ್ಮನೇ ತೋಳೇರಿಸಿ ನಮ್ಮಿಬ್ಬರನ್ನೂ ಎಳೆದು ಹಾಕಿದಳು. ನಾನು ಅಂಗೈಯಷ್ಟು. ತಮ್ಮ ಅದಕ್ಕಿಂತ ಚಿಕ್ಕವನು, ನೀಲಿ ಬಣ್ಣ. ಅಮ್ಮ ಅವಳ ಕೈ ಹಿಡಿದು, "ನೀರು ಹಾಕೇ, ಹೆಸರಿಡೇ, ಹಾಗೇ ಕಳಿಸ್ಬೇಡ್ವೇ" ಎಂದು ಅತ್ತಳು.

ಬಿಂದಿಗೆಯ ನೀರು ಮಂಜುಗಡ್ಡೆ ಕಟ್ಟಿತ್ತು. ಒಡೆದು ಹಾಕಬಹುದಿತ್ತು. ಆದರೆ ಡಾರ್ಕಸಮ್ಮ ನೋಡಿದಳು: ಕೂಸಿನ ಮೈ ಆಗಲೇ ಕಪ್ಪೆಯಷ್ಟು ತಣ್ಣಗಿದೆ, ಇದರ ಮೇಲೆ ಈ ನೀರೆರೆದರೆ ಇರುವ ಜೀವವೂ ಹೋಗುತ್ತದೆ. ಪಕ್ಕದ ಹಂಡೆಯಲ್ಲಿ ಆಗಷ್ಟೇ ಗಟ್ಟಿ ತೆಗೆದ ಹಾಲೊಡಕು ಬೆಚ್ಚಗಿತ್ತು. ಬಟ್ಟಲಲ್ಲಿ ಮೊಗೆದಳು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನನಗೆ ಸೈವ್, ತಮ್ಮನಿಗೆ ಕಾನ್ ಎಂದು ಹೆಸರಿಟ್ಟು ಎರಡು ನೆತ್ತಿಗೂ ಸುರಿದಳು. ನಾನು ಬಾಯಿ ಚಪ್ಪರಿಸಿದೆನಂತೆ. ಕಾನ್ ಮಧ್ಯಾಹ್ನದೊಳಗೆ ಹೋದ.

ಜ್ಞಾನಸ್ನಾನ ಆಗದೆ ಸತ್ತ ಕೂಸುಗಳನ್ನು ನಮ್ಮಲ್ಲಿ ಚರ್ಚಿನ ನೆಲದಲ್ಲಿ ಹೂಳುವುದಿಲ್ಲ. ಹೊಲದ ಮೂಲೆಯ ಮುಳ್ಳುಗಿಡದ ಕೆಳಗೆ, ಹೆಸರಿಲ್ಲದ ಕಲ್ಲಿಟ್ಟು ಹೂಳುತ್ತಾರೆ. ಅವಕ್ಕೆ ದೇವರ ಮುಖ ಕಾಣುವುದಿಲ್ಲವಂತೆ. ಕಾನ್ ಹಾಗಾಗಲಿಲ್ಲ. ಹಿಮ ಕರಗಿದ ಮೇಲೆ, ಆಗ ಇದ್ದ ನಮ್ಮ ಕ್ಯಾಥೊಲಿಕರ ಮುದಿ ಪಾದ್ರಿ ಬಂದು, "ಮಂತ್ರ ಸರಿಯಾಗಿ ಹೇಳಿದಳಾ?" ಎಂದು ಕೇಳಿದರು. "ಹೇಳಿದಳು." "ಸರಿ ಹಾಗಾದರೆ." ಹಳೇ ಮಠದ ಗೋಡೆಯ ಒಳಗಿನ ಪವಿತ್ರ ನೆಲದಲ್ಲಿ, ಅಜ್ಜನ ಪಕ್ಕದಲ್ಲಿ ಕಾನ್‌ನನ್ನು ಮಲಗಿಸಿದರು. ಹಾಕಿದ್ದು ಏನು ಎಂದು ಅವರು ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಪಾದ್ರಿಗೊಬ್ಬರಿಗೆ ಗೊತ್ತಾಗಲಿಲ್ಲ. ಅಮ್ಮ ಪ್ರತಿ ಭಾನುವಾರ ಆ ಗೋಡೆಯ ಹತ್ತಿರ ಕೂತು ಬರುತ್ತಿದ್ದಳು.

ಡಾರ್ಕಸಮ್ಮನ ಕಡೆಯ ಪ್ರಾಟೆಸ್ಟಂಟರ ಪಾದ್ರಿ ಮಾತ್ರ ಕೆಂಡವಾದ. ಹೆಂಗಸೊಬ್ಬಳು ಜ್ಞಾನಸ್ನಾನ ಮಾಡಿಸುವುದೇ, ಅದೂ ಐರಿಷರ ಕೂಸಿಗೆ! ತಪ್ಪು ಕಾಣಿಕೆಗೆ ಅವಳನ್ನು ಬಿಳಿ ಹೊದಿಕೆ ಹೊದಿಸಿ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದ. ಅವಳು ನಿಂತುಕೊಂಡು ಹೋಗುವವರು ಬರುವವರಿಗೆಲ್ಲ ಕಣ್ಣು ಹೊಡೆದು, "ಒಳ್ಳೇ ಬಟ್ಟೆ ಕಣ್ರೋ, ಮೊಸರು ಸೋಸಕ್ಕೆ ಬರತ್ತೆ" ಎಂದು ಹೊದಿಕೆಯನ್ನು ಮನೆಗೇ ತಂದಳು.

ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಅವಳು ಬಂಧು. ನಿಮ್ಮ ಕೂಸಿಗೆ ಜ್ಞಾನಸ್ನಾನ ಮಾಡಿಸಿದವಳು ನಿಮಗೆ ರಕ್ತಕ್ಕಿಂತ ಹತ್ತಿರ. ಅವಳ ಮೇಲೆ ಕೈ ಎತ್ತಿದವನ ಜೊತೆ ಯಾರೂ ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ, ಅವನ ಕೈ ಒಣಗುತ್ತದೆ ಎಂದೂ ಹೇಳುತ್ತಾರೆ. ಅಪ್ಪ ಅವಳ ಹೊಲ ಉಳುತ್ತಾ ಅವಳನ್ನು ಮನಸಾರೆ ಬೈಯುತ್ತಿದ್ದ. ಹಬ್ಬ ಬಂದರೆ ಓಟ್ಸ್ ರೊಟ್ಟಿ ತೆಗೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ.

ನನಗೆ ಆರು ತುಂಬಿದ ವರ್ಷ, ಅಕ್ಟೋಬರಿನಲ್ಲಿ, ನಮ್ಮವರು ಇಂಗ್ಲಿಷರ ಮೇಲೆ ದಂಗೆ ಎದ್ದರು. ಮೊದಲ ದಿನಗಳು ಏನು ಮಜಾ ಅಂತೀರಿ! ಅಪ್ಪನ ಅಣ್ಣ ಕಾಹಿರ್ ದೊಡ್ಡಪ್ಪ ಯಾವನದೋ ಗರಿ ಚುಚ್ಚಿದ ಟೋಪಿ ಹಾಕಿಕೊಂಡು ಕ್ಯಾಪ್ಟನ್ ಆಗಿಬಿಟ್ಟ. ಹಿಂದಿನ ವಾರ ಸಾಲ ವಸೂಲಿಗೆ ಬಂದಿದ್ದವನ ಕುದುರೆಯ ಮೇಲೆ ಈ ವಾರ ದೊಡ್ಡಪ್ಪನೇ ಕೂತಿದ್ದ. ಎಲ್ಲರಿಗೂ ತಲೆ ತಿರುಗಿತ್ತು. ಆಮೇಲೆ ಇಂಗ್ಲಿಷ್ ನೇಕಾರ ವಿಲ್ಮಟ್‌ನ ಮನೆಯವರನ್ನೆಲ್ಲ ಬಟ್ಟೆ ಬಿಚ್ಚಿಸಿ ಸೇತುವೆಗೆ ಅಟ್ಟಿಕೊಂಡು ಹೋಗಿ ಹೊಳೆಗೆ ತಳ್ಳಿದರು. ಅವನ ಮಗಳು ಹನ್ನಾ ನನ್ನ ಜೊತೆ ಆಡುತ್ತಿದ್ದಳು. ಅದನ್ನು ನಾನು ನಗುತ್ತಾ ಹೇಳಲಾರೆ, ಅದಕ್ಕೇ ಇಷ್ಟಕ್ಕೇ ಬಿಡುತ್ತೇನೆ.

ಮಾರನೇ ದಿನ ದೊಡ್ಡಪ್ಪನ ದಂಡು ಡಾರ್ಕಸಮ್ಮನ ಅಂಗಳಕ್ಕೆ ನುಗ್ಗಿತು. ಹಸು ಬಿಚ್ಚಿದರು. ಹಾಸಿಗೆ ಹರಿದರು. ಗಂಡ ಹೆಂಡತಿ ಇಬ್ಬರ ಮೈಮೇಲಿನ ಬಟ್ಟೆಯನ್ನೂ ಕಿತ್ತರು. ಹಾಲಿನ ಮನೆಯಲ್ಲಿ ಬಂಡಿಗಾಲಿಯಂಥ ಚೀಸುಗಳು ಹಲಗೆ ತುಂಬ ಇದ್ದವು. ಕಚ್ಚಿ ನೋಡಿದವರಿಗೆ ಸೇರಲಿಲ್ಲ. ನಮ್ಮದು ಬೆಣ್ಣೆ ಮೊಸರಿನ ನಾಲಿಗೆ, ಇಂಗ್ಲಿಷರ ಗಟ್ಟಿ ಚೀಸು ರುಚಿಸುವುದಿಲ್ಲ. ಸರಿ, ಒಬ್ಬ ಒಂದನ್ನು ಗುಡ್ಡದಿಂದ ಉರುಳಿಸಿದ. ಅದು ಹೋದ ಜೋರಿಗೆ ಎಲ್ಲರಿಗೂ ಹುಚ್ಚು ಹತ್ತಿತು. ನನ್ನದು ಮುಂದೆ, ನಿನ್ನದು ಹಿಂದೆ ಎಂದು ಪಂಥ ಕಟ್ಟಿ ಉರುಳಿಸಿದ್ದೇ ಉರುಳಿಸಿದ್ದು. ಒಂದು ಚೀಸು ದೊಡ್ಡಪ್ಪನ ಹೊಸ ಕುದುರೆಯ ಕಾಲಿಗೆ ಬಡಿದು, ಕ್ಯಾಪ್ಟನ್ ಸಾಹೇಬರು ಗೊಬ್ಬರದ ಗುಂಡಿಗೆ ಬಿದ್ದರು.

"ಅಯ್ಯೋ, ಅದು ಇನ್ನೂ ಎರಡು ತಿಂಗಳು ಕೂರ್ಬೇಕಿತ್ತು ಕಣ್ರೋ!" ಎಂದು ಡಾರ್ಕಸಮ್ಮ ಕೂಗಿದ್ದು ಮಾತ್ರ ಚೀಸಿಗೆ. ಮೈಗೆ ಏನು ಮಾಡಿಕೊಂಡಿದ್ದಳು ಗೊತ್ತೇ? ಮೊಸರು ಸೋಸುವ ಬಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಅವನ್ನೇ ಸುತ್ತಿಕೊಂಡು, ಗಂಡನಿಗೂ ಸುತ್ತಿ ಗಂಟು ಹಾಕಿದ್ದಳು. ಗಿಲ್ಬರ್ಟ್ ಚಳಿಗೂ ಭಯಕ್ಕೂ ನಡುಗುತ್ತಾ, ಹಿಂಡಲು ಕಟ್ಟಿಟ್ಟ ಮೊಸರಿನ ಗಂಟಿನಂತೆಯೇ ಇದ್ದ.

"ಸೇತುವೆಗೆ ನಡೀರಿ" ಎಂದ ದೊಡ್ಡಪ್ಪ, ಗೊಬ್ಬರ ಒರೆಸಿಕೊಳ್ಳುತ್ತಾ. ಅಪ್ಪ ಅಲ್ಲೇ ಹಸುವಿನ ಹಗ್ಗ ಹಿಡಿದು ನೆಲ ನೋಡುತ್ತಾ ನಿಂತಿದ್ದ.

ಅಷ್ಟರಲ್ಲಿ ಅಮ್ಮ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದಳು. "ಥೂ ನಿಮ್ಮ! ಮಕ್ಕಳಿಗೆ ಜ್ಞಾನಸ್ನಾನ ಮಾಡ್ಸಿದೋಳನ್ನ ಬತ್ತಲೆ ನಿಲ್ಸಿದೀರಲ್ರೋ! ಏನ್ರೀ, ಹಗ್ಗ ಹಿಡ್ಕೊಂಡು ನೋಡ್ತಾ ನಿಂತಿದೀರಾ? ನಾಳೆ ನಿಮ್ಮ ಕೈ ಒಣಗಿದ್ರೆ ರೊಟ್ಟಿ ನಾನು ತಿನ್ನಿಸ್ಬೇಕಾ?"

"ಯಾವ ಜ್ಞಾನಸ್ನಾನ?" ಎಂದ ದೊಡ್ಡಪ್ಪ. "ಹಾಲೊಡಕಲ್ಲಿ ಆಗತ್ತೇನೇ ಜ್ಞಾನಸ್ನಾನ? ಹಂಗಾದ್ರೆ ಈ ಊರಿನ ಹಂದಿಗಳೆಲ್ಲ ಕ್ರೈಸ್ತರೇ ಬಿಡು!"

ದಂಡು ಬಿದ್ದು ಬಿದ್ದು ನಕ್ಕಿತು. ಡಾರ್ಕಸಮ್ಮನೂ ನಕ್ಕಳು, ತಡೆಯಲಾಗದ ಹೆಂಗಸು. ಗೋಡೆಗೊರಗಿದ್ದ ಅಜ್ಜಿ, ದೊಡ್ಡಪ್ಪನ ತಾಯಿ, "ಹಿಂದೆ ನಾಯಕರ ಮಕ್ಕಳನ್ನ ಹಾಲಲ್ಲೇ ಮೂರು ಸಲ ಅದ್ದೋರಂತೆ ಕಣೋ" ಎಂದಳು.

"ಅದು ಹಾಲು ಕಣಮ್ಮ. ಇದು ಹಂದಿ ಕುಡಿಯೋದು."

"ನೀನೂ ಅದನ್ನ ಕುಡಿದೇ ಬೆಳೆದಿದ್ದು. ಬಾಯ್ಮುಚ್ಚು."

ಕಡೆಗೆ ಯೂಜಿನ್ ಸ್ವಾಮಿಗಳನ್ನು ಕರೆಸಿದರು. ಹೊಸದಾಗಿ ಬಂದ ಸನ್ಯಾಸಿ, ಸಮುದ್ರದಾಚೆ ಲುವೆನ್‌ನಲ್ಲಿ ಧರ್ಮಶಾಸ್ತ್ರ ಓದಿದವರು, ನಮ್ಮ ಮನೆಯಲ್ಲೇ ಉಳಿದಿದ್ದರು. ಬೆಣ್ಣೆ ಮೆತ್ತಿದ ಬೆರಳು ನೆಕ್ಕುತ್ತಾ ಬಂದು ಮಗುಚಿದ ಹಂಡೆಯ ಮೇಲೆ ಕೂತರು. ನನ್ನನ್ನು ಎದುರಿಗೆ ನಿಲ್ಲಿಸಿದರು. ಒಬ್ಬೊಬ್ಬರೂ ಬಂದು ನನ್ನ ನೆತ್ತಿ ಮೂಸಿ ನೋಡಿ ಹೋದರು, ಇನ್ನೂ ವಾಸನೆ ಇದೆಯೇನೋ ಎಂಬಂತೆ. ನನಗೆ ಕಚಗುಳಿಯಾಗಿ ನಿಲ್ಲಲಾಗುತ್ತಿರಲಿಲ್ಲ.

"ಏನು ಹಾಕಿದೆಯಮ್ಮ?" ಎಂದು ಕೇಳಿದರು ಸ್ವಾಮಿಗಳು.

ಊರಿಗೆ ಊರೇ ಅವಳಿಗೆ ಸನ್ನೆ ಮಾಡಿತು, ನೀರು ಅನ್ನು, ನೀರು ಅನ್ನು ಎಂದು. ದಂಡಿನಲ್ಲಿದ್ದವರೂ ಕೆಲವರು ಮಾಡಿದರು. ಅವಳು ಸ್ವಾಮಿಗಳ ಬೆನ್ನು ಚಪ್ಪರಿಸಿ, "ಹಾಲೊಡಕು ಕಣಪ್ಪಾ ಜಾಣ. ಬೆಚ್ಚಗಿತ್ತು" ಎಂದಳು.

ಸ್ವಾಮಿಗಳು ಮುಖ ಉಜ್ಜಿಕೊಂಡರು. ನಿಧಾನವಾಗಿ ಹೇಳಿದರು: ನೀರೇ ಆಗಬೇಕು. ಹಾಲು ಆಗುವುದಿಲ್ಲ, ಬಿಯರ್ ಆಗುವುದಿಲ್ಲ, ಕಣ್ಣೀರೂ ಆಗುವುದಿಲ್ಲ. ಈ ಹುಡುಗಿಗೇನು, ಈಗಲೇ ಇಲ್ಲೇ ಮತ್ತೆ ಮಾಡಿಸಬಹುದು, ಎರಡು ನಿಮಿಷದ ಕೆಲಸ.

"ಮುಗೀತಲ್ಲ" ಎಂದ ದೊಡ್ಡಪ್ಪ. "ನಂಟಿಲ್ಲ ಪಂಟಿಲ್ಲ. ನಡೀರಿ."

"ಸ್ವಾಮಿ," ಎಂದಳು ಅಮ್ಮ. "ನನ್ನ ಮಗಂಗೆ?"

"ಯಾವ ಮಗ?"

"ಕಾನ್. ಮಠದ ಗೋಡೆ ಒಳಗೆ ಮಲಗಿದಾನೆ. ಅವನಿಗೂ ಅದೇ ಬಟ್ಟಲಿಂದ ಹಾಕಿದ್ದು. ಅವನಿಗೆ ಮತ್ತೆ ಹೆಂಗ್ ಮಾಡಿಸ್ತೀರಿ?"

ನಗು ನಿಂತಿತು. ಅಪ್ಪನ ಕೈಯಿಂದ ಹಗ್ಗ ಬಿತ್ತು, ಹಸು ತನ್ನ ಪಾಡಿಗೆ ತಾನು ಕೊಟ್ಟಿಗೆಗೆ ಹೊರಟಿತು. ದೊಡ್ಡಪ್ಪ ಟೋಪಿ ತೆಗೆದ. ಅಮ್ಮ ಕೆಸರಲ್ಲೇ ಕೂತುಬಿಟ್ಟಳು. ಆರು ವರ್ಷದಿಂದ ಆ ಗೋಡೆಯ ಹತ್ತಿರ ಅವಳು ಮಗನಿಗೆ ಏನೇನು ಹೇಳಿಕೊಂಡಿದ್ದಳೋ! ಅವನನ್ನು ಈಗ ಅಗೆದು ತೆಗೆದು ಮುಳ್ಳುಗಿಡದ ಕೆಳಗೆ ಹಾಕಬೇಕೇ?

ಸ್ವಾಮಿಗಳು ಒಂದು ಬಟ್ಟಲು ಹಾಲೊಡಕು ತರಿಸಿದರು. ಕುಡಿದರು. "ಒಂದು ಮಾತಿದೆ" ಎಂದರು. "ನೀರಿಗೆ ಬೇರೇನಾದರೂ ಬೆರೆತಿದ್ದು, ನೀರೇ ಹೆಚ್ಚಿದ್ದರೆ, ಅದನ್ನು ನೀರು ಎಂದೇ ಹಿಡಿಯುತ್ತಾರೆ. ಡಾರ್ಕಸಮ್ಮ, ಯೋಚನೆ ಮಾಡಿ ಹೇಳು. ಆ ದಿನದ ಹಾಲಿಗೆ ನೀನು ನೀರು ಬೆರೆಸಿದ್ದೆಯಾ? ಧಾರಾಳವಾಗಿ?"

ಅಲ್ಲಿದ್ದ ಪೆದ್ದನಿಗೂ ಅರ್ಥವಾಯಿತು, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಸ್ವಾಮಿಗಳು ದಾರಿ ಮಾಡಿಕೊಟ್ಟರು ಎಂದು. ಹೌದು ಅಂದರೆ ಸಾಕು. ಆದರೆ ಕೇಳಿದ್ದು ಯಾರನ್ನ!

"ಯಾರು? ನಾನಾ?" ಡಾರ್ಕಸಮ್ಮ ಸುತ್ತಿದ್ದ ಬಟ್ಟೆ ಬಿಚ್ಚಿಹೋಗುವಷ್ಟು ಎದೆಯುಬ್ಬಿಸಿದಳು. "ನೀರಾ? ನನ್ನ ಹಾಲಿಗಾ?"

"ಹಾಕ್ದೆ ಅನ್ನೇ ಮಾರಾಯ್ತಿ!" ಎಂದು ಕಿರುಚಿದ ಗಿಲ್ಬರ್ಟ್. "ಸ್ವಾಮಿ, ನಾನು ಹಾಕ್ತಿದ್ದೆ! ದಿನಾ ಕದ್ದು ಹಾಕ್ತಿದ್ದೆ!"

"ಮುಚ್ಚು! ನೀನು ನನ್ನ ಹಂಡೆ ಹತ್ರ ಬಂದಿದ್ರೆ ಕೈ ಮುರೀತಿದ್ದೆ. ಲೋ ಕಾಹಿರ್, ಎಲ್ಲೋ ನಿನ್ನ ಸೇತುವೆ? ಬಾ ಗಿಲ್ಬರ್ಟ್, ಮುಳುಗೋದಾದ್ರೆ ಒಳ್ಳೇ ಹೆಸರಿಟ್ಕೊಂಡು ಮುಳುಗಾಣ."

ಜನ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಗಿಲ್ಬರ್ಟ್ ಮಾತ್ರ ಬರೀ ಅತ್ತ. ಡಾರ್ಕಸಮ್ಮ ನಿಜವಾಗಿಯೂ ಸೇತುವೆಯ ಕಡೆ ನಾಲ್ಕು ಹೆಜ್ಜೆ ಹಾಕಿದಳು. ದಾರಿಗೆ ಅಡ್ಡ ಅಮ್ಮ ಕೂತಿದ್ದಳು. ಅಮ್ಮ ಅವಳನ್ನು ತಲೆಯೆತ್ತಿ ನೋಡಲೂ ಇಲ್ಲ. ಕೆಸರಿನಲ್ಲಿ ಕೈಯೂರಿ ಕೂತು, ತೂಗುವ ಹಾಗೆ ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಆಡುತ್ತಿದ್ದಳು.

ಡಾರ್ಕಸಮ್ಮ ನಿಂತಳು. ಅವಳ ಮುಖ ಕೆಂಪಾಯಿತು, ಬೆಳ್ಳಗಾಯಿತು.

"ಹಾಕಿದ್ದೆ" ಎಂದಳು ಕಡೆಗೆ.

"ಜೋರಾಗಿ ಹೇಳಮ್ಮ" ಎಂದರು ಸ್ವಾಮಿಗಳು.

"ಹಾಕಿದ್ದೆ ಅಂದ್ನಲ್ಲ! ಅರ್ಧಕ್ಕಿಂತ ಜಾಸ್ತಿ. ಆ ವರ್ಷವೆಲ್ಲ ಹಾಕಿದ್ದೆ. ಅದು ಬರೀ ನೀರೇ."

"ಹೇಳ್ಲಿಲ್ವಾ ನಾನು!" ಗುಂಪಿನೊಳಗಿಂದ ಚಮ್ಮಾರ ಫೆಲಿಮ್ ಎದ್ದು ಕುಣಿಯತೊಡಗಿದ. "ಸಂತೇಲಿ ಅವತ್ತೇ ಹೇಳಿದ್ನಲ್ಲ! ಕೆರೆ ನೀರು ಅಂತ ಹೇಳಿದ್ನಲ್ಲ!" ಅವನನ್ನು ನೋಡಿ ಬೇರೆಯವರೂ ಕುಣಿದರು. ಅಪ್ಪ ಸ್ವಾಮಿಗಳನ್ನು ಹಂಡೆಯ ಸಮೇತ ಎತ್ತಿದ. ಅಜ್ಜಿ ವಿಸ್ಕಿ ತರಲು ಹೇಳಿದಳು. ದೊಡ್ಡಪ್ಪ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, "ಬಂಧುಗಳ್ನ ಮುಟ್ಟೋ ಹಾಗಿಲ್ಲ ಕಣ್ರಪ್ಪ" ಎಂದು ತನ್ನದೇ ದಂಡಿಗೆ ಗದರಿಸಿದ. ಇಷ್ಟೆಲ್ಲದರ ನಡುವೆ ಡಾರ್ಕಸಮ್ಮನೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಚರ್ಚಿನ ಬಾಗಿಲಲ್ಲಿ ಕಣ್ಣು ಹೊಡೆದ ಹೆಂಗಸು ಅವತ್ತು ಯಾರ ಮುಖವನ್ನೂ ನೋಡಲಿಲ್ಲ.

ಜೀವ ಉಳಿಯಿತು, ಊರು ಉಳಿಯಲಿಲ್ಲ. ದೊಡ್ಡಪ್ಪನ ಹಿಂದೆ ಬರುವ ದಂಡುಗಳಿಗೆ ನಮ್ಮ ನಂಟಿನ ಹಂಗಿರಲಿಲ್ಲ, ಗಂಡ ಹೆಂಡತಿ ಊರು ಬಿಟ್ಟು ಹೋಗಲೇಬೇಕಿತ್ತು. ಅಪ್ಪ ತನ್ನ ಕಂಬಳಿಯನ್ನು ಗಿಲ್ಬರ್ಟನಿಗೆ ಹೊದಿಸಿದ. ಅಮ್ಮ ತನ್ನದನ್ನು ಡಾರ್ಕಸಮ್ಮನಿಗೆ ಕೊಟ್ಟಳು. ನಮ್ಮ ಸೀಮೆ ಮುಗಿಯುವ ತನಕ ನಾವು ಜೊತೆಗೆ ನಡೆದೆವು. ದಾರಿಯ ಪಕ್ಕದ ಬೇಲಿಗಳಲ್ಲಿ ಬತ್ತಲೆ ಹೆಣಗಳಿದ್ದವು, ಅಮ್ಮ ನನ್ನ ಮುಖವನ್ನು ತನ್ನ ಲಂಗದಲ್ಲಿ ಮುಚ್ಚಿ ನಡೆಸಿದಳು. ಗಿಲ್ಬರ್ಟ್ ಡಬ್ಲಿನ್ ಮುಟ್ಟಿ ಆ ಚಳಿಗಾಲದಲ್ಲೇ ಕೆಮ್ಮಿ ಸತ್ತನಂತೆ. ಡಾರ್ಕಸಮ್ಮ ಅಲ್ಲಿ ಯಾರದೋ ಹಸು ಕರೆದುಕೊಂಡು ಇನ್ನೂ ಬಹಳ ವರ್ಷ ಇದ್ದಳು ಎಂದು ಬಂದವರು ಹೇಳುತ್ತಿದ್ದರು. ಬೀದಿಯಲ್ಲಿ ಅವಳ ನಗು ಕೇಳಿದರೆ ಗೊತ್ತಾಗುತ್ತಿತ್ತಂತೆ. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ.

ಅವರನ್ನು ಕಳಿಸಲು ನಡೆದ ಆ ದಿನ ಹಳ್ಳದ ಹತ್ತಿರ ಗಂಡಸರು ಮುಂದೆ ಹೋದಾಗ, ಅಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. ನಾನು ಇಬ್ಬರ ನಡುವೆ ಇದ್ದೆ.

"ಡಾರ್ಕಸ್, ಇಲ್ಲಿ ಯಾರೂ ಇಲ್ಲ. ನಿಜ ಹೇಳು. ಅವತ್ತು ನೀರು ಇತ್ತಾ?"

ಅಂಗಳದಲ್ಲಿ ಅದೊಂದು ಸುಳ್ಳಿಗೆ ಕೆಂಪಾಗಿ ಬೆಳ್ಳಗಾದವಳು ಈ ಸಲ ತಡವರಿಸಲಿಲ್ಲ. "ಇತ್ತು" ಎಂದಳು. "ಅರ್ಧಕ್ಕಿಂತ ಜಾಸ್ತಿ ಇತ್ತು, ಮೋರ್."

ಆ ಬೆಳಿಗ್ಗೆ ನೋವು ಬರುವ ಮುಂಚೆ ನಾಲ್ಕು ಹಸುಗಳನ್ನೂ ಕರೆದು, ಹಾಲು ಸೋಸಿ, ಆ ಹಂಡೆಗೆ ಸುರಿದವಳು ನಮ್ಮಮ್ಮನೇ. ಅವಳು ಡಾರ್ಕಸಮ್ಮನ ಮುಖವನ್ನೇ ನೋಡುತ್ತಾ ಕಂಬಳಿಯ ಅಂಚನ್ನು ಅವಳ ಕತ್ತಿನ ಹತ್ತಿರ ಬಿಗಿಯಾಗಿ ಎಳೆದು ಗಂಟು ಹಾಕಿದಳು.

"ಹೌದು ಕಣೇ," ಎಂದಳು ಅಮ್ಮ. "ಈಗ ನೆನಪಾಯ್ತು. ನಾನೇ ಅಲ್ವಾ ನೀರು ಹೊಯ್ದಿದ್ದು."